ಕರಡಿ ಯಾರ ಪಾಲಿಗೆ? ಒಂದು ಗೇಮ್ ಸ್ಟುಡಿಯೊ ಕೈಬದಲಾದ ಕಥೆ

1997ರಲ್ಲಿ ನಿಂಟೆಂಡೊ 64 ಯಂತ್ರಕ್ಕೆ ಬಂದ ‘ಡಿಡ್ಡಿ ಕಾಂಗ್ ರೇಸಿಂಗ್’ ಆಟದಲ್ಲಿ ಬ್ಯಾಂಜೊ ಎಂಬ ಕರಡಿಯೂ ಕಾಂಕರ್ ಎಂಬ ಅಳಿಲೂ ಗಾಡಿ ಓಡಿಸುತ್ತಿದ್ದವು. ಹತ್ತು ವರ್ಷದ ಮೇಲೆ, 2007ರಲ್ಲಿ, ಅದೇ ಸ್ಟುಡಿಯೊ ಅದೇ ಆಟವನ್ನು ನಿಂಟೆಂಡೊ ಡಿಎಸ್ ಎಂಬ ಕೈಯಂತ್ರಕ್ಕೆ ಹೊಸದಾಗಿ ಮಾಡಿಕೊಟ್ಟಿತು. ಆಗ ನೋಡಿದರೆ ಕರಡಿಯೂ ಇಲ್ಲ, ಅಳಿಲೂ ಇಲ್ಲ. ಅವುಗಳ ಜಾಗದಲ್ಲಿ ಡಿಕ್ಸಿ, ಟೈನಿ ಎಂಬ ಎರಡು ಕೋತಿಗಳು ಕುಳಿತಿದ್ದವು. ನಡುವೆ ನಡೆದದ್ದು ಇಷ್ಟೇ: ಮನೆ ಪಾಲಾಗಿತ್ತು. ಕೋತಿಗಳು ನಿಂಟೆಂಡೊ ಪಾಲಿಗೆ ಬಂದವು, ಕರಡಿ ಮತ್ತು ಅಳಿಲು ಮೈಕ್ರೋಸಾಫ್ಟ್ ಪಾಲಿಗೆ ಹೋದವು.

ಆ ಮನೆಯ ಹೆಸರು ರೇರ್. ಕನ್ಸೋಲ್ ಎಂಬ ಗೇಮ್ ಯಂತ್ರಗಳ ತಯಾರಕರು ಒಬ್ಬರ ಬಳಿಯ ಸ್ಟುಡಿಯೊವನ್ನು ಮತ್ತೊಬ್ಬರು ಕೊಳ್ಳುವುದು ಇಂದು ಸುದ್ದಿಯಾದಾಗಲೆಲ್ಲ ಹಳೆಯ ಆಟಗಾರರು ನೆನೆಯುವುದು ಈ ಮಾರಾಟವನ್ನೇ. ಕೊಟ್ಟ ಹಣಕ್ಕೆ ಕೊಂಡವರ ಕೈಗೆ ನಿಜಕ್ಕೂ ಏನು ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಗ್ಲೆಂಡಿನ ಲೆಸ್ಟರ್‌ಷೈರ್‌ನ ಸ್ಟ್ಯಾಂಪರ್ ಸೋದರರು, ಟಿಮ್ ಮತ್ತು ಕ್ರಿಸ್, 1982ರಲ್ಲಿ ಅಲ್ಟಿಮೇಟ್ ಎಂಬ ಹೆಸರಿನಲ್ಲಿ ಸ್ಪೆಕ್ಟ್ರಮ್ ಗಣಕಕ್ಕೆ ಆಟ ಬರೆಯತೊಡಗಿದರು. ಜೆಟ್‌ಪ್ಯಾಕ್, ಸೇಬರ್ ವುಲ್ಫ್, ನೈಟ್ ಲೋರ್ ಬ್ರಿಟನ್ನಿನಲ್ಲಿ ಮನೆಮಾತಾದವು. ಅಷ್ಟಕ್ಕೇ ತೃಪ್ತರಾಗಿದ್ದರೆ ಬ್ರಿಟಿಷ್ ಗಣಕ ಚರಿತ್ರೆಯ ಒಂದು ಪುಟದಲ್ಲಿ ಉಳಿದುಬಿಡುತ್ತಿದ್ದರು. ಆದರೆ ಅವರ ಕಣ್ಣು ಜಪಾನಿನಿಂದ ಬಂದ ನಿಂಟೆಂಡೊ ಫ್ಯಾಮಿಕಾಮ್ ಮೇಲೆ ಬಿತ್ತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಟಿವಿಗೆ ಸಿಕ್ಕಿಸಿ, ‘ಕ್ಯಾಸೆಟ್’ ಬದಲಿಸಿ ಆಡುತ್ತಿದ್ದ ಪೆಟ್ಟಿಗೆಗಳು ಬಹುಪಾಲು ಈ ಯಂತ್ರದ ನಕಲುಗಳೇ. ಅದರ ಒಳಗುಟ್ಟನ್ನು ಹೊರಗಿನವರು ಬಿಡಿಸಲಾರರು ಎಂಬ ನಂಬಿಕೆ ನಿಂಟೆಂಡೊಗಿತ್ತು. ಸೋದರರು ಯಂತ್ರವನ್ನು ಬಿಚ್ಚಿ, ಅದು ಹೇಗೆ ಕೆಲಸ ಮಾಡುತ್ತದೆಂದು ತಾವೇ ಕಂಡುಕೊಂಡು, ಅದರ ಮೇಲೆ ಓಡುವ ಮಾದರಿಗಳನ್ನು ಬರೆದು ನಿಂಟೆಂಡೊ ಮುಂದಿಟ್ಟರು. ಮೊಕದ್ದಮೆಯ ಬದಲು ಪರವಾನಗಿ ಸಿಕ್ಕಿತು. ಈ ಕೆಲಸಕ್ಕೆಂದೇ 1985ರಲ್ಲಿ ಹುಟ್ಟಿದ್ದು ರೇರ್. ಮುಂದಿನ ಕೆಲವೇ ವರ್ಷಗಳಲ್ಲಿ ಆ ಯಂತ್ರವೊಂದಕ್ಕೇ ಅರವತ್ತರ ಆಸುಪಾಸು ಆಟಗಳನ್ನು ಅದು ಮಾಡಿತು. ಎಲ್ಲವೂ ಚೆನ್ನಾಗಿದ್ದವು ಎಂದು ಹೇಳಲಾಗದು. ಎಷ್ಟೋ ಆಟಗಳು ಹೊಟ್ಟೆಪಾಡಿನವು.

ಭಾಗ್ಯ ತೆರೆದದ್ದು ಅಲ್ಲಿ ಗಳಿಸಿದ ಹಣವನ್ನು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಗಣಕಗಳಿಗೆ ಸುರಿದಾಗ. ಸಿನಿಮಾದವರು ಬಳಸುತ್ತಿದ್ದ ಆ ಯಂತ್ರಗಳಲ್ಲಿ ಬಿಡಿಸಿದ ಮೂರು ಆಯಾಮದ ಚಿತ್ರಗಳನ್ನು ಒಂದೊಂದಾಗಿ ಚಪ್ಪಟೆ ಮಾಡಿ ಸೂಪರ್ ನಿಂಟೆಂಡೊ ಕಾರ್ಟ್ರಿಡ್ಜ್‌ಗೆ ತುಂಬಬಹುದೆಂದು ಅವರು ತೋರಿಸಿದರು. ನಿಂಟೆಂಡೊ ಬೆರಗಾಗಿ ಕಂಪನಿಯಲ್ಲಿ ಪಾಲು ಕೊಂಡಿತು. ಮೊದಲು ಶೇ 25, ಆಮೇಲೆ ಶೇ 49. ಜೊತೆಗೆ ತನ್ನ ಮನೆಯ ಹಳೆಯ ಪಾತ್ರ ಡಾಂಕಿ ಕಾಂಗ್‌ನನ್ನೂ ಅವರ ಕೈಗೆ ಒಪ್ಪಿಸಿತು. ರೇರ್ ಇದ್ದ ಟ್ವೈಕ್ರಾಸ್ ಹಳ್ಳಿಯಲ್ಲಿ ಒಂದು ಮೃಗಾಲಯವಿದೆ. ಗೊರಿಲ್ಲಾ ಹೇಗೆ ಓಡುತ್ತದೆ ನೋಡೋಣವೆಂದು ತಂಡದವರು ಅಲ್ಲಿಗೆ ಹೋಗಿ ಗಂಟೆಗಟ್ಟಲೆ ವಿಡಿಯೊ ಮಾಡಿಕೊಂಡು ಬಂದರು. ಒಂದೂ ಉಪಯೋಗಕ್ಕೆ ಬರಲಿಲ್ಲ. ಗೊರಿಲ್ಲಾದ ನಡಿಗೆ ಇಂಥ ಚುರುಕಿನ ಆಟಕ್ಕೆ ಹೊಂದುವಂಥದ್ದಲ್ಲ. ಕಡೆಗೆ ಆ ಕೋತಿಗೆ ಕೊಟ್ಟದ್ದು ಕುದುರೆಯ ನಾಗಾಲೋಟ. 1994ರ ನವೆಂಬರ್‌ನಲ್ಲಿ ಬಂದ ‘ಡಾಂಕಿ ಕಾಂಗ್ ಕಂಟ್ರಿ’ 90 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಮುಂದಿನ ಆರೇಳು ವರ್ಷ ರೇರ್ ಮುಟ್ಟಿದ್ದೆಲ್ಲ ಚಿನ್ನ. ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡನ್‌ಐ’ ತೆರೆ ಕಂಡು ಎರಡು ವರ್ಷದ ಮೇಲೆ, 1997ರಲ್ಲಿ, ತಡವಾಗಿ ಬಂದ ‘ಗೋಲ್ಡನ್‌ಐ 007’ 80 ಲಕ್ಷ ಪ್ರತಿ ಹೋಯಿತು. ಅದನ್ನು ಮಾಡಿದ ಚಿಕ್ಕ ತಂಡದಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಆಟ. ಒಂದೇ ಟಿವಿಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಗೆಳೆಯರು ಪರಸ್ಪರ ಗುಂಡು ಹಾರಿಸುವ ಭಾಗಕ್ಕೇ ಅದು ಹೆಸರಾಯಿತು. ಆ ಭಾಗ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ, ಕೊನೆಯ ತಿಂಗಳುಗಳಲ್ಲಿ ಸೇರಿಸಿದ್ದು.

ಮಾರಾಟದ ಕಥೆ 2002ರಲ್ಲಿ ಶುರುವಾಗುತ್ತದೆ ಎಂದು ಹೇಳುವುದು ರೂಢಿ. ನನ್ನ ಪ್ರಕಾರ ಅದು ಇಲ್ಲಿಂದಲೇ ಶುರುವಾಗುತ್ತದೆ. ಗೋಲ್ಡನ್‌ಐ ತಂಡದ ಮುಖ್ಯಸ್ಥ ಮಾರ್ಟಿನ್ ಹಾಲಿಸ್ 1998ರಲ್ಲಿ ರೇರ್ ಬಿಟ್ಟರು. 1999ರಲ್ಲಿ ಅದೇ ತಂಡದ ಹಲವರು ಹೊರಬಿದ್ದು ಫ್ರೀ ರ‍್ಯಾಡಿಕಲ್ ಡಿಸೈನ್ ಕಟ್ಟಿದರು. ಅವರ ಮೊದಲ ಆಟ ‘ಟೈಮ್‌ಸ್ಪ್ಲಿಟರ್ಸ್’ 2000ನೇ ಇಸವಿಯಲ್ಲಿ ಬಂದದ್ದು ಸೋನಿಯ ಪ್ಲೇಸ್ಟೇಷನ್ 2ಕ್ಕೆ. ಅಂದರೆ ಮೈಕ್ರೋಸಾಫ್ಟ್ ಚೆಕ್ ಬರೆಯುವ ಮೊದಲೇ ಗೋಲ್ಡನ್‌ಐ ಮಾಡಿದ ಕೈಗಳಲ್ಲಿ ಹಲವು ಆ ಮನೆಯಲ್ಲಿರಲಿಲ್ಲ.

ಇತ್ತ ನಿಂಟೆಂಡೊ ಉಳಿದ ಶೇ 51 ಕೊಳ್ಳುವ ಹಕ್ಕು ತನಗಿದ್ದರೂ ಕೊಳ್ಳಲಿಲ್ಲ. ಲೆಕ್ಕ ಊಹಿಸುವುದು ಕಷ್ಟವಲ್ಲ. ಆಟ ಮಾಡುವ ಖರ್ಚು ಏರುತ್ತಿತ್ತು. ನಿಂಟೆಂಡೊದ ಹೊಸ ಗೇಮ್‌ಕ್ಯೂಬ್ ಯಂತ್ರ ಮಾರುಕಟ್ಟೆಗೆ ಬಂದು ವರ್ಷ ಸಮೀಪಿಸುತ್ತಿದ್ದರೂ ರೇರ್‌ನಿಂದ ಅದಕ್ಕೆ ಒಂದೇ ಒಂದು ಆಟವೂ ಬಂದಿರಲಿಲ್ಲ. ಸ್ಟ್ಯಾಂಪರ್ ಸೋದರರು ಬೇರೆ ಗಿರಾಕಿ ಹುಡುಕಿದರು. ಅಮೆರಿಕದ ಗೇಮ್ ಕಂಪನಿ ಆ್ಯಕ್ಟಿವಿಷನ್ ಮುಂದೆ ಬಂತು, ಮೈಕ್ರೋಸಾಫ್ಟ್ ಹೆಚ್ಚು ಕೂಗಿತು. ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಹುಟ್ಟುವ ಮುನ್ನ ನಿಂಟೆಂಡೊವನ್ನೇ ಕೊಳ್ಳಲು ಹೋಗಿ ನಗೆಪಾಟಲಾಗಿ ಬಂದಿದ್ದ ಕಂಪನಿಗೆ ನಿಂಟೆಂಡೊದ ಅತ್ಯಂತ ಹೆಸರಾಂತ ಪಾಶ್ಚಾತ್ಯ ಸ್ಟುಡಿಯೊ ಕೈಗೆಟುಕಿತ್ತು. 2002ರ ಸೆಪ್ಟೆಂಬರ್ 24ರಂದು ಸೋದರರ ಪಾಲು, ನಿಂಟೆಂಡೊ ಪಾಲು ಎರಡನ್ನೂ ಸೇರಿಸಿ 37.5 ಕೋಟಿ ಡಾಲರಿಗೆ ವ್ಯವಹಾರ ಕುದುರಿತು. ಗೇಮ್‌ಕ್ಯೂಬ್‌ಗೆ ರೇರ್ ಮಾಡಿದ ಮೊದಲ ಮತ್ತು ಕೊನೆಯ ಆಟ ‘ಸ್ಟಾರ್ ಫಾಕ್ಸ್ ಅಡ್ವೆಂಚರ್ಸ್’ ಅಮೆರಿಕದಲ್ಲಿ ಬಿಡುಗಡೆಯಾದದ್ದು ಅದರ ಹಿಂದಿನ ದಿನ.

ಪಾಲುಪಟ್ಟಿ ಓದಿದರೆ ತಮಾಷೆ ಕಾಣುತ್ತದೆ. ಡಾಂಕಿ ಕಾಂಗ್, ಸ್ಟಾರ್ ಫಾಕ್ಸ್ ನಿಂಟೆಂಡೊಗೆ. ಬ್ಯಾಂಜೊ, ಕಾಂಕರ್, ಪರ್ಫೆಕ್ಟ್ ಡಾರ್ಕ್, ಕಿಲ್ಲರ್ ಇನ್‌ಸ್ಟಿಂಕ್ಟ್ ಮೈಕ್ರೋಸಾಫ್ಟ್‌ಗೆ. ಅರ್ಧ ಬೆಂದಿದ್ದ ಆಟಗಳ ಗತಿಯೇನು? ‘ಡಾಂಕಿ ಕಾಂಗ್ ರೇಸಿಂಗ್’ ಒಲೆಯಿಂದಲೇ ಇಳಿಯಿತು. ಗೇಮ್ ಬಾಯ್ ಅಡ್ವಾನ್ಸ್‌ಗೆ ತಯಾರಾಗುತ್ತಿದ್ದ ‘ಡಿಡ್ಡಿ ಕಾಂಗ್ ಪೈಲಟ್’ನಿಂದ ಕೋತಿಗಳನ್ನು ಇಳಿಸಿ ಕರಡಿಯನ್ನು ಹತ್ತಿಸಿದರು, ಅದು 2005ರಲ್ಲಿ ‘ಬ್ಯಾಂಜೊ ಪೈಲಟ್’ ಆಗಿ ಹಾರಿತು. ‘ಡಾಂಕಿ ಕಾಂಗ್ ಕೋಕನಟ್ ಕ್ರ್ಯಾಕರ್ಸ್’ ಎಂಬ ಒಗಟಿನ ಆಟಕ್ಕೆ ಚಡ್ಡಿ ತೊಟ್ಟ ಕಡ್ಡಿಮನುಷ್ಯನೊಬ್ಬ ನಾಯಕನಾಗಿ ‘ಇಟ್ಸ್ ಮಿಸ್ಟರ್ ಪ್ಯಾಂಟ್ಸ್’ ಎಂಬ ಹೆಸರು ಬಂತು. ಗಮನಿಸಿ: ಈ ಆಟಗಳೆಲ್ಲ ಬಂದದ್ದು ನಿಂಟೆಂಡೊ ಕೈಯಂತ್ರಕ್ಕೇ. ಮೈಕ್ರೋಸಾಫ್ಟ್ ಬಳಿ ಕೈಯಂತ್ರವಿರಲಿಲ್ಲವಾದ್ದರಿಂದ ಅಲ್ಲಿ ಪೈಪೋಟಿಯ ಮಾತೇ ಇರಲಿಲ್ಲ. ಹೀಗಾಗಿ ಎದುರಾಳಿಯ ಕಂಪನಿಯಾದ ಮೇಲೂ ವರ್ಷಗಟ್ಟಲೆ ರೇರ್ ನಿಂಟೆಂಡೊಗೆ ದುಡಿಯಿತು. ಮೊದಲು ಹೇಳಿದ ಡಿಎಸ್ ಆಟ ಹುಟ್ಟಿದ್ದೂ ಹಾಗೆಯೇ.

ದೊಡ್ಡ ಯಂತ್ರದಲ್ಲಿ ಮಾತ್ರ ಮೈಕ್ರೋಸಾಫ್ಟ್ ಬಯಸಿದ ಚಿನ್ನ ಬರಲಿಲ್ಲ. 2003ರ ‘ಗ್ರ್ಯಾಬ್ಡ್ ಬೈ ದ ಗೂಲೀಸ್’ ನೆಲಕಚ್ಚಿತು. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಬಂದ ‘ಕಮಿಯೊ’, ‘ಪರ್ಫೆಕ್ಟ್ ಡಾರ್ಕ್ ಜೀರೊ’ ಹೆಸರು ಉಳಿಸಿದವು, ಬೆಳೆಸಲಿಲ್ಲ. 2006ರ ‘ವಿವಾ ಪಿನ್ಯಾಟಾ’ ತೋಟಗಾರಿಕೆಯ ಸೊಗಸಾದ ಆಟ. ಗುಂಡು ಹಾರಿಸಲೆಂದೇ ಯಂತ್ರ ಕೊಂಡವರಿಗೆ ಅದನ್ನು ಮಾರಬೇಕಾಗಿ ಬಂದದ್ದು ಅದರ ದುರದೃಷ್ಟ. 2007ರಲ್ಲಿ ಸೋದರರೇ ಹೊರನಡೆದರು. 2010ರ ಹೊತ್ತಿಗೆ ರೇರ್ ಕ್ಯಾಮೆರಾ ಮುಂದೆ ಕೈಕಾಲು ಬೀಸಿ ಆಡುವ ‘ಕಿನೆಕ್ಟ್ ಸ್ಪೋರ್ಟ್ಸ್’ ಮಾಡುತ್ತಿತ್ತು. ಮತ್ತೆ ನಿಜವಾದ ಗೆಲುವು ಕಂಡದ್ದು 2018ರ ಕಡಲ್ಗಳ್ಳರ ಆಟ ‘ಸೀ ಆಫ್ ಥೀವ್ಸ್’ನಲ್ಲಿ, ಕೊಂಡು ಹದಿನೈದು ವರ್ಷ ಕಳೆದ ಮೇಲೆ, ಬಹುಪಾಲು ಹೊಸ ಕೈಗಳಿಂದ. 2024ರ ಏಪ್ರಿಲ್‌ನಲ್ಲಿ ಅದು ಪ್ಲೇಸ್ಟೇಷನ್ 5ಕ್ಕೂ ಹೋಯಿತು.

ನಿಂಟೆಂಡೊ ಕೋತಿಯನ್ನು ಸುಮ್ಮನೆ ಕೂರಿಸಲಿಲ್ಲ. ಟೆಕ್ಸಾಸಿನ ರೆಟ್ರೊ ಸ್ಟುಡಿಯೋಸ್ 2010ರಲ್ಲಿ ಡಾಂಕಿ ಕಾಂಗ್ ಕಂಟ್ರಿಗೆ ಮರುಜೀವ ಕೊಟ್ಟಿತು. 2014ರ ಮುಂದಿನ ಭಾಗಕ್ಕೆ ಸಂಗೀತ ಕೊಟ್ಟವರು 1994ರ ಆಟದ ಸಂಗೀತಗಾರ ಡೇವಿಡ್ ವೈಸ್. ಅಷ್ಟರಲ್ಲಿ ಅವರು ರೇರ್ ತೊರೆದಾಗಿತ್ತು. ಕಂಪನಿಯನ್ನು ಕೊಳ್ಳದೆಯೇ ಅದರ ಅತ್ಯುತ್ತಮ ಕೈಯೊಂದನ್ನು ನಿಂಟೆಂಡೊ ಹೀಗೆ ಮರಳಿ ಪಡೆಯಿತು.

ಅಮೆರಿಕದ ಬಂಜಿ ಎಂಬ ಮತ್ತೊಂದು ಗೇಮ್ ಸ್ಟುಡಿಯೊದ ಕಥೆ ಇದರದೇ ತಿರುವುಮುರುವು. 1999ರಲ್ಲಿ ಆ್ಯಪಲ್‌ನ ಸ್ಟೀವ್ ಜಾಬ್ಸ್ ತಮ್ಮ ವೇದಿಕೆಯಲ್ಲಿ ಬಂಜಿಯ ‘ಹೇಲೋ’ ಆಟವನ್ನು ತೋರಿಸಿದ್ದರು. ಮರುವರ್ಷ ಮೈಕ್ರೋಸಾಫ್ಟ್ ಬಂಜಿಯನ್ನೇ ಕೊಂಡಿತು. 2007ರಲ್ಲಿ ಬಂಜಿ ಸ್ವತಂತ್ರವಾಯಿತು, ಹೇಲೋವನ್ನು ಬಿಟ್ಟುಕೊಟ್ಟು. 2022ರಲ್ಲಿ ಸೋನಿ 360 ಕೋಟಿ ಡಾಲರ್ ಕೊಟ್ಟು ಆ ಸ್ಟುಡಿಯೊವನ್ನು ತನ್ನದಾಗಿಸಿಕೊಂಡಿತು. ಎರಡು ವರ್ಷದಲ್ಲಿ, 2024ರ ಜುಲೈನಲ್ಲಿ, ಅಲ್ಲಿ 220 ಮಂದಿ ಕೆಲಸ ಕಳೆದುಕೊಂಡರು. ಹೇಲೋ ಮೈಕ್ರೋಸಾಫ್ಟ್ ಬಳಿಯೇ ಉಳಿಯಿತು. ಆ ಮೊದಲ ಹೇಲೋವನ್ನು ಹೊಸದಾಗಿ ಮಾಡಿ ಪ್ಲೇಸ್ಟೇಷನ್ 5ಕ್ಕೂ ತರುವುದಾಗಿ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟೇ ಪ್ರಕಟಿಸಿತು.

ಇನ್ನು ಗೋಲ್ಡನ್‌ಐ. ಅದು ಪಾಲಿಗೆ ಬಾರದ ಬಾವಿ. ಆಟದ ಪ್ರೋಗ್ರಾಮ್ ಬರೆದವರು ರೇರ್, ಪ್ರಕಟಿಸಿದ್ದು ನಿಂಟೆಂಡೊ, ಬಾಂಡ್ ಹೆಸರಿನ ಹಕ್ಕು ಚಿತ್ರ ತಯಾರಕರದು. ಎಕ್ಸ್‌ಬಾಕ್ಸ್ 360ಕ್ಕೆಂದು ರೇರ್ ಹೊಸ ಚಿತ್ರಗಳೊಂದಿಗೆ ಅದನ್ನು ಹೆಚ್ಚುಕಡಿಮೆ ಮಾಡಿ ಮುಗಿಸಿತ್ತು. ಹಕ್ಕುದಾರರೆಲ್ಲ ಒಪ್ಪದೆ ಅದು ಕಪಾಟು ಸೇರಿತು. 2015ರಲ್ಲಿ ರೇರ್ ತನ್ನ ಮೂವತ್ತು ಹಳೆಯ ಆಟಗಳನ್ನು ಒಂದೇ ಡಿಸ್ಕ್‌ನಲ್ಲಿ ಕಟ್ಟಿಕೊಟ್ಟಾಗ ಡಾಂಕಿ ಕಾಂಗ್ ಇರಲಿಲ್ಲ, ಗೋಲ್ಡನ್‌ಐ ಕೂಡ ಇರಲಿಲ್ಲ.

ರಾಜಿಯ ಸೂಚನೆ ಕಂಡದ್ದು 2019ರಲ್ಲಿ. ನಿಂಟೆಂಡೊದ ‘ಸ್ಮ್ಯಾಷ್ ಬ್ರದರ್ಸ್’ ಕಾಳಗಕ್ಕೆ ಮೈಕ್ರೋಸಾಫ್ಟ್ ಒಪ್ಪಿಗೆಯೊಂದಿಗೆ ಬ್ಯಾಂಜೊ ಬಂದ. ಪ್ರಕಟಣೆಯ ವಿಡಿಯೊದಲ್ಲಿ ಅವನನ್ನು ಕಂಡು ಕುಣಿದಾಡುವವರು ಡಾಂಕಿ ಕಾಂಗ್ ಮತ್ತು ಡಿಡ್ಡಿ. ಒಂದೇ ಅಂಗಳದಲ್ಲಿ ಬೆಳೆದವರು. ನೋಡಿ ಗಂಟಲು ಕಟ್ಟಿತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

2023ರ ಜನವರಿ 27ರಂದು ಗೋಲ್ಡನ್‌ಐ ಕೂಡ ಮರಳಿತು, ಒಂದೇ ದಿನ ಎಕ್ಸ್‌ಬಾಕ್ಸ್‌ಗೂ ನಿಂಟೆಂಡೊ ಸ್ವಿಚ್‌ಗೂ. ಬಾವಿಯ ನೀರನ್ನು ಸರದಿಯ ಮೇಲೆ ಸೇದುವ ಹಾಗೆ ಇಲ್ಲಿಯೂ ಹಂಚಿಕೆ ನಡೆದಿತ್ತು. ಎಕ್ಸ್‌ಬಾಕ್ಸ್‌ಗೆ ಸ್ಫುಟವಾದ ಚಿತ್ರ ಸಿಕ್ಕಿತು, ದೂರದ ಗೆಳೆಯರೊಂದಿಗೆ ಇಂಟರ್ನೆಟ್ ಮೂಲಕ ಆಡುವ ಸೌಲಭ್ಯ ಸ್ವಿಚ್‌ಗೆ ಮಾತ್ರ. ಎಕ್ಸ್‌ಬಾಕ್ಸ್‌ನಲ್ಲಿ ಗೋಲ್ಡನ್‌ಐ ಕಾಳಗ ಬೇಕೆಂದರೆ ಇಂದಿಗೂ 1997ರ ಹಾಗೆ ನಾಲ್ವರೂ ಒಂದೇ ಟಿವಿಯ ಮುಂದೆ ಕೂರಬೇಕು.