ಏಪ್ರಿಲ್ ಪಟ್ಟಿಗೆ ಎಪ್ಪತ್ತು ಪಂದ್ಯ ಕೂಡಿಸಿ ನೋಡಿ

1988ರ ಏಪ್ರಿಲ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್ ಮೊದಲ ಆರು ಪಂದ್ಯ ಸೋತದ್ದೇ ತಡ, ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಸೀನಿಯರ್ ಕೆಲಸ ಹೋಯಿತು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ತಂಡ ಆರಿಸುವುದರಿಂದ ಹಿಡಿದು ಪಿಚರ್ (ಚೆಂಡು ಎಸೆಯುವವನು) ಬದಲಿಸುವವರೆಗೆ ಎಲ್ಲವನ್ನೂ ಡಗೌಟ್‌ನಲ್ಲಿ ಕೂತೇ ಮಾಡುವವನು. ರಿಪ್ಕೆನ್ ಅವರ ಇಬ್ಬರು ಮಕ್ಕಳೂ ಅದೇ ತಂಡದಲ್ಲಿ ಆಡುತ್ತಿದ್ದರು. ಅವರ ಜಾಗಕ್ಕೆ ಬಂದವರು ಫ್ರಾಂಕ್ ರಾಬಿನ್ಸನ್. ಆಮೇಲೂ ಸತತ ಹದಿನೈದು ಸೋಲು. ಒಟ್ಟು 21 ಸೋಲಿನ ನಂತರ ಏಪ್ರಿಲ್ 29ರಂದು ಶಿಕಾಗೋದಲ್ಲಿ ವೈಟ್ ಸಾಕ್ಸ್ ವಿರುದ್ಧ 9-0ರಿಂದ ಮೊದಲ ಗೆಲುವು ಸಿಕ್ಕಿತು. ಸೀಸನ್ ಮುಗಿದಾಗ 54 ಗೆಲುವು, 107 ಸೋಲು.

ಹಿಂದಿನ ವರ್ಷದ ಕಥೆ ಇದಕ್ಕೆ ತದ್ವಿರುದ್ಧ. 1987ರಲ್ಲಿ ಮಿಲ್ವಾಕೀ ಬ್ರೂವರ್ಸ್ ಮೊದಲ 13 ಪಂದ್ಯಗಳನ್ನೂ ಗೆದ್ದಿತು. ಮೇ ತಿಂಗಳಲ್ಲಿ ಅದೇ ತಂಡ ಸತತ 12 ಸೋತಿತು. ಕೊನೆಗೆ 91 ಗೆಲುವು, 71 ಸೋಲು, ತನ್ನ ಗುಂಪಿನಲ್ಲಿ, ಅಂದರೆ ಡಿವಿಷನ್‌ನಲ್ಲಿ, ಮೂರನೇ ಸ್ಥಾನ, ಪ್ಲೇಆಫ್ ಇಲ್ಲ.

ಪ್ರತಿ ವರ್ಷ ಏಪ್ರಿಲ್ ಕೊನೆಗೆ ಒಂದೆರಡು ತಂಡ ಅಚ್ಚರಿ ಎನಿಸಿಕೊಳ್ಳುತ್ತವೆ, ಒಂದೆರಡು ನಿರಾಶೆ ಎನಿಸಿಕೊಳ್ಳುತ್ತವೆ. ಆ ಹೊತ್ತಿಗೆ ಆಗಿರುವುದು ಸೀಸನ್ನಿನ 162 ಪಂದ್ಯಗಳಲ್ಲಿ ಸುಮಾರು 28. ಐಪಿಎಲ್‌ನ 14 ಪಂದ್ಯಗಳ ಲೀಗ್ ಇಲ್ಲಿ ಎರಡು ವಾರದಲ್ಲಿ ಮುಗಿದುಹೋಗುತ್ತದೆ. ನಾಣ್ಯವನ್ನು 25 ಸಲ ಚಿಮ್ಮಿದರೆ ಹನ್ನೆರಡೂವರೆಯಿಂದ ಎರಡೂವರೆ ಆಚೀಚೆ ಬೀಳುವುದು ತೀರಾ ಮಾಮೂಲಿ. ಹಾಗಾಗಿ ಸಾಧಾರಣ ತಂಡವೊಂದು 15-10 ಎಂದೂ ಕಾಣಬಹುದು, 10-15 ಎಂದೂ ಕಾಣಬಹುದು. ಪಂದ್ಯ ಶುರು ಮಾಡುವ ಪಿಚರ್‌ಗಳು ಸಾಮಾನ್ಯವಾಗಿ ಐದು ಜನ, ಸರದಿಯ ಮೇಲೆ ಬರುತ್ತಾರೆ. 25 ಪಂದ್ಯದಲ್ಲಿ ಒಬ್ಬೊಬ್ಬನಿಗೆ ಸಿಗುವುದು ಐದೇ ಸರದಿ. ಅದರಲ್ಲಿ ಎರಡು ಕೆಟ್ಟರೆ ಅವನ ಅಂಕಿಅಂಶ ನೋಡುವಂತಿರುವುದಿಲ್ಲ.

ಈ ಗದ್ದಲವನ್ನು ಸೋಸಲು ವಿಶ್ಲೇಷಕರು ಬಳಸುವ ಸರಳ ಉಪಾಯ ಒಂದಿದೆ: ತಂಡದ ಲೆಕ್ಕಕ್ಕೆ 70 ಪಂದ್ಯ ಕೂಡಿಸಿ, 35 ಗೆಲುವು, 35 ಸೋಲು. 70 ಎಂಬುದು ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಪೂರ್ತಿ ಸೀಸನ್ನಿನಲ್ಲಿ ತಂಡಗಳ ಗೆಲುವಿನ ಪ್ರಮಾಣ ಎಷ್ಟು ಚದುರಿರುತ್ತದೆಂದು ಅಳೆದು, ಬರೀ ಅದೃಷ್ಟದಿಂದ ಆಗುವ ಚದುರನ್ನು ಅದರಿಂದ ಕಳೆದರೆ ಉಳಿಯುವುದು ನಿಜವಾದ ಸಾಮರ್ಥ್ಯದ ವ್ಯತ್ಯಾಸ. ಅದೃಷ್ಟದ ಪಾಲೂ ಸಾಮರ್ಥ್ಯದ ಪಾಲೂ ಸಮನಾಗಲು ಸುಮಾರು 70 ಪಂದ್ಯ ಬೇಕು ಅಂತ ಆ ಲೆಕ್ಕ ಹೇಳುತ್ತದೆ.

ಓರಿಯೋಲ್ಸ್‌ಗೆ ಹಾಕಿ ನೋಡೋಣ. 0-21ಕ್ಕೆ 35-35 ಸೇರಿಸಿದರೆ 91ರಲ್ಲಿ 35 ಗೆಲುವು, ಅಂದರೆ 0.385. ಆ ವರ್ಷ ಅವರು ಆಡಿದ್ದು 161, ಉಳಿದಿದ್ದ 140 ಪಂದ್ಯಕ್ಕೆ ಗುಣಿಸಿದರೆ 54. ಅವರು ಗೆದ್ದದ್ದೂ 54! 2023ರಲ್ಲಿ ಟ್ಯಾಂಪಾ ಬೇ ರೇಸ್ ಕೂಡ 13-0 ಆರಂಭ ಕಂಡಿತು. 83ರಲ್ಲಿ 48, ಅಂದರೆ 0.578, ಉಳಿದ 149ಕ್ಕೆ 86, ಮೊದಲಿನ 13 ಸೇರಿ 99. ಅವರು ಮುಗಿಸಿದ್ದು 99-63ರಲ್ಲಿ. ಇಷ್ಟಕ್ಕೆ ಹಿಗ್ಗಬೇಡಿ. ಬ್ರೂವರ್ಸ್‌ಗೂ ಇದೇ ಲೆಕ್ಕ 99 ಎನ್ನುತ್ತದೆ, ಬಂದದ್ದು 91. ಇಷ್ಟು ಬೇಗ ಹೇಳುವ ಭವಿಷ್ಯ ಒಂಬತ್ತು ಗೆಲುವು ಆಚೀಚೆ ಆಗುವುದು ಸಹಜ.

ಗೆಲುವು ಸೋಲಿಗಿಂತ ರನ್ ಅಂತರ ಹೆಚ್ಚು ನಂಬಿಕಸ್ಥ. ಐಪಿಎಲ್‌ನ ನೆಟ್ ರನ್‌ರೇಟ್ ಸಮಬಲ ಮುರಿಯಲು ಮಾತ್ರ. ಇಲ್ಲಿ ಅದು ರೋಗ ಪತ್ತೆಗೆ. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ಕೊಟ್ಟ ಸೂತ್ರದಂತೆ, ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. 120 ಗಳಿಸಿ 100 ಬಿಟ್ಟುಕೊಟ್ಟ ತಂಡಕ್ಕೆ 0.590 ಬರುತ್ತದೆ, 27 ಪಂದ್ಯದಲ್ಲಿ 16 ಗೆಲುವು. ಪಟ್ಟಿಯಲ್ಲಿ ಆ ತಂಡ 20-7 ಎಂದಿದ್ದರೆ ನಾಲ್ಕು ಗೆಲುವು ಕೂದಲೆಳೆಯಲ್ಲಿ ಬಂದವು, ಮುಂದೆಯೂ ಬರುತ್ತವೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ರೇಸ್ ಈ ಪರೀಕ್ಷೆಯನ್ನು ಸಲೀಸಾಗಿ ದಾಟಿತ್ತು: ಮೊದಲ ಒಂಬತ್ತು ಗೆಲುವಿನಲ್ಲಿ ಪ್ರತಿಯೊಂದೂ ನಾಲ್ಕು ಅಥವಾ ಹೆಚ್ಚು ರನ್‌ಗಳಿಂದ. ಆದರೆ ಎದುರಾಳಿಗಳು ಯಾರು? ಟೈಗರ್ಸ್, ನ್ಯಾಷನಲ್ಸ್, ಅಥ್ಲೆಟಿಕ್ಸ್, ರೆಡ್ ಸಾಕ್ಸ್. ನಾಲ್ಕೂ ಆ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅಥ್ಲೆಟಿಕ್ಸ್ ಒಂದೇ 112 ಸೋತಿತು. ಹದಿಮೂರನೇ ಗೆಲುವಿನ ದಿನವೇ ಪಿಚರ್ ಜೆಫ್ರಿ ಸ್ಪ್ರಿಂಗ್ಸ್ ಮೊಣಕೈ ಕೈಕೊಟ್ಟಿತು.

ಕೆಟ್ಟ ಆರಂಭದ ಬೆಲೆಯೂ ಕಾಲಕಾಲಕ್ಕೆ ಬದಲಾಗಿದೆ. 1988ರಲ್ಲಿ 26 ತಂಡಗಳಲ್ಲಿ ನಾಲ್ಕಕ್ಕೆ ಮಾತ್ರ ಪ್ಲೇಆಫ್. ಏಪ್ರಿಲ್‌ನಲ್ಲಿ ಹತ್ತು ಪಂದ್ಯ ಹಿಂದೆ ಬಿದ್ದವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. 1995ರಿಂದ ಡಿವಿಷನ್ ಗೆಲ್ಲದವರಿಗೂ ಅವಕಾಶ ಕೊಡುವ ವೈಲ್ಡ್ ಕಾರ್ಡ್ ಬಂತು, 2022ರಿಂದ 30ರಲ್ಲಿ 12 ತಂಡಕ್ಕೆ ಜಾಗ. ಆ ವರ್ಷವೇ ಫಿಲಡೆಲ್ಫಿಯಾ ಫಿಲ್ಲೀಸ್ 22-29ರಲ್ಲಿದ್ದಾಗ ಜೋ ಜಿರಾರ್ಡಿಯನ್ನು ತೆಗೆದು ರಾಬ್ ಥಾಮ್ಸನ್ ಕೈಗೆ ತಂಡ ಕೊಟ್ಟಿತು, 87 ಗೆಲುವಿನೊಂದಿಗೆ ಕೊನೆಯ ಜಾಗದಲ್ಲಿ ಒಳಗೆ ನುಸುಳಿ ಫೈನಲ್ ಆದ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. 2019ರ ವಾಷಿಂಗ್ಟನ್ ನ್ಯಾಷನಲ್ಸ್ 19-31ರಲ್ಲಿದ್ದರೂ ಮ್ಯಾನೇಜರ್ ಡೇವ್ ಮಾರ್ಟಿನೆಜ್ ಅವರನ್ನು ಉಳಿಸಿಕೊಂಡಿತು. 70ರ ಲೆಕ್ಕ ಅವರಿಗೆ 69 ಗೆಲುವು ಕೊಡುತ್ತಿತ್ತು. ಗೆದ್ದದ್ದು 93, ಜೊತೆಗೆ ವರ್ಲ್ಡ್ ಸೀರೀಸ್. ಕಾರಣ ಕಣ್ಣೆದುರೇ ಇತ್ತು: ಬೆರಳು ಮುರಿದುಕೊಂಡು ಹೊರಗಿದ್ದ ಟ್ರೇ ಟರ್ನರ್ ಮೇ ಮಧ್ಯದಲ್ಲಷ್ಟೇ ವಾಪಸಾಗಿದ್ದರು, ರನ್ ಸೋರಿಸುತ್ತಿದ್ದ ಬುಲ್‌ಪೆನ್‌ಗೆ (ಬದಲಿ ಪಿಚರ್‌ಗಳ ಗುಂಪಿಗೆ) ಜುಲೈ ಕೊನೆಯಲ್ಲಿ ಡೇನಿಯಲ್ ಹಡ್ಸನ್ ಬಂದರು. ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಎದುರಾಳಿಯ ಕೊನೆಯ ಔಟ್ ಪಡೆದವರು ಹಡ್ಸನ್ ಅವರೇ.

ಲೆಕ್ಕ ಹೆಚ್ಚಾಗಿ ಎಡವುವುದು ಎಲ್ಲರಿಗೂ ಒಂದೇ 35-35 ಕೊಟ್ಟಾಗ. 2022ರ ಸಿನ್ಸಿನಾಟಿ ರೆಡ್ಸ್, 2024ರ ಶಿಕಾಗೋ ವೈಟ್ ಸಾಕ್ಸ್ ಎರಡೂ 3-22ರಲ್ಲಿ ಶುರು ಮಾಡಿದವು. ಕಣ್ಣು ಮುಚ್ಚಿ 35-35 ಹಾಕಿದರೆ ಇಬ್ಬರಿಗೂ 58 ಗೆಲುವು. ಅದರ ಬದಲು ಹಿಂದಿನ ವರ್ಷದ ಪ್ರಮಾಣವನ್ನೇ 70 ಪಂದ್ಯಕ್ಕೆ ಇಳಿಸಿ ಹಾಕಿ. ರೆಡ್ಸ್ 83-79 ಆಡಿದ್ದರು, ಹಾಗಾಗಿ 36-34, ಬರುವುದು 59. ವೈಟ್ ಸಾಕ್ಸ್ 61-101 ಆಡಿದ್ದರು, ಹಾಗಾಗಿ 26-44, ಬರುವುದು 45. ಮುಗಿದಾಗ ರೆಡ್ಸ್ 62, ವೈಟ್ ಸಾಕ್ಸ್ 41. ಕೊನೆಯ ಆ ನಾಲ್ಕು ಗೆಲುವು ಎಲ್ಲಿ ಹೋದವೆಂದು ಊಹಿಸುವುದು ಕಷ್ಟವಲ್ಲ. ಸೋಲುವ ತಂಡ ಆಟಗಾರರನ್ನು ಬಿಟ್ಟುಕೊಡಲು ಜುಲೈನಲ್ಲಿ ಅಂಗಡಿ ತೆರೆದು ಕೂರುತ್ತದೆ. ಎರಿಕ್ ಫೆಡ್ಡಿ, ಟಾಮಿ ಫಾಮ್, ಮೈಕಲ್ ಕೋಪೆಕ್, ಎಲೋಯ್ ಹಿಮೆನೆಜ್ ಎಲ್ಲರೂ ಬೇರೆ ತಂಡಗಳಿಗೆ ಹೋದರು.

ಅದೇ ಹೊತ್ತಿಗೆ ವೈಟ್ ಸಾಕ್ಸ್ ಸತತ 21 ಸೋತು, ಓರಿಯೋಲ್ಸ್ 1988ರಲ್ಲಿ ಬರೆದಿದ್ದ ಅಮೆರಿಕನ್ ಲೀಗ್ (ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದು) ದಾಖಲೆಯ ಪಕ್ಕ ತನ್ನ ಹೆಸರನ್ನೂ ಬರೆಸಿತು. ಸರಣಿ ಮುರಿದದ್ದು ಆಗಸ್ಟ್ 6ರಂದು. ಮ್ಯಾನೇಜರ್ ಪೆಡ್ರೋ ಗ್ರಿಫಾಲ್ ಕೆಲಸ ಹೋದದ್ದು ಅದಾಗಿ ಎರಡು ದಿನಕ್ಕೆ. ಆರು ಪಂದ್ಯಕ್ಕಲ್ಲ, 117 ಪಂದ್ಯ ಆದ ಮೇಲೆ, ಪಟ್ಟಿ 28-89 ತೋರಿಸುತ್ತಿದ್ದಾಗ.