ಅಂಬಾಸಿಡರ್‌ನ ಹಿಂಬದಿ ಪ್ಲೇಟ್ ಸ್ಪ್ರಿಂಗ್: ಬಾಗು ಬೇರೆ, ಪೆಡಸು ಬೇರೆ

ಹಳೆಯ ಅಂಬಾಸಿಡರ್ ಬಾಲ ತಗ್ಗಿಸಿ ನಿಂತರೆ ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆ ಹಿಂದಿನ ಸ್ಪ್ರಿಂಗ್‌ನ ಉಕ್ಕಿನ ಪಟ್ಟಿಗಳ ಕಟ್ಟಿಗೆ ಇನ್ನೊಂದು ಪಟ್ಟಿ, ಅಂದರೆ ಪ್ಲೇಟ್, ಸೇರಿಸುವುದು. ಸೇರಿಸಿದರೆ ಕಾರು ಎತ್ತರವಾಗುವುದೇನೋ ನಿಜ. ಆದರೆ ಅಂದಿನಿಂದ ಖಾಲಿ ಕಾರು ಪ್ರತಿ ಹಂಪಿನ ಮೇಲೂ ಎಗರತೊಡಗುತ್ತದೆ. ಇದು ಏಕೆ ಎಂದು ಅರ್ಥವಾದರೆ ಮಿಕ್ಕ ಕೆಲಸ ಹೆಚ್ಚಿನಂಶ ಸ್ಪ್ಯಾನರಿನದು.

ಈ ಟಿಪ್ಪಣಿಗೆ ಆಧಾರ ಮಾರ್ಕ್ 2 ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸವನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರ್‌ಪಾರಾದಲ್ಲಿ ತಯಾರಿಸುತ್ತಿದ್ದ ಕಾರಿದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಪ್ಲೇಟ್ ಸ್ಪ್ರಿಂಗ್. ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಹಿಂಬದಿಯ ಮಟ್ಟಿಗೆ ಇದೇ ಪಾಠ ಸಾಕು.

ಕಟ್ಟಿನ ರಚನೆ

ಎಲ್ಲಕ್ಕಿಂತ ಉದ್ದದ ಪ್ಲೇಟ್ ಮೇನ್ ಪ್ಲೇಟ್. ಅದರ ಎರಡು ತುದಿಗಳನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಬಾಡಿಗೆ ನೇರವಾಗಿ ಬೋಲ್ಟ್ ಆಗಿರುತ್ತದೆ. ಹಿಂದಿನ ಕಣ್ಣು ತೂಗಾಡುವ ಶ್ಯಾಕಲ್‌ಗೆ ಸಿಕ್ಕಿರುತ್ತದೆ. ಭಾರ ಬಿದ್ದು ಬಾಗು ನೇರವಾದಾಗ ಎರಡು ಕಣ್ಣುಗಳ ನಡುವಿನ ದೂರ ಹೆಚ್ಚುತ್ತದಲ್ಲ, ಆ ಹೆಚ್ಚಳಕ್ಕೆ ಜಾಗ ಕೊಡುವುದು ಶ್ಯಾಕಲ್. ನಡುವೆ ಎಲ್ಲ ಪ್ಲೇಟುಗಳನ್ನು ಪೋಣಿಸಿದ ಸೆಂಟರ್ ಬೋಲ್ಟ್ ಇದೆ. ಅದರ ತಲೆ ಆಕ್ಸಲ್ ಹೌಸಿಂಗ್‌ನ ಪೀಠದಲ್ಲಿರುವ ತೂತಿನೊಳಗೆ ಕೂರುತ್ತದೆ, ಮೇಲಿನಿಂದ ಯು-ಬೋಲ್ಟ್‌ಗಳು ಬಿಗಿಯುತ್ತವೆ.

ಕಲಿಯುವವರು ಸಾಮಾನ್ಯವಾಗಿ ಕಡೆಗಣಿಸುವ ಒಂದು ಸಂಗತಿ: ಈ ಸ್ಪ್ರಿಂಗ್ ಭಾರ ಹೊರುವುದಷ್ಟೇ ಅಲ್ಲ, ಹಿಂದಿನ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಇದೇ. ಚಕ್ರ ಕಾರನ್ನು ಮುಂದೆ ತಳ್ಳುವ ಬಲ, ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುವ ಬಲ, ಎರಡೂ ಪ್ಲೇಟುಗಳ ಮೂಲಕವೇ ಬಾಡಿಗೆ ದಾಟಬೇಕು. ಯು-ಬೋಲ್ಟ್ ಸಡಿಲವಾದರೆ ಆ ಹೊಡೆತವೆಲ್ಲ ಸೆಂಟರ್ ಬೋಲ್ಟಿನ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ. ಆಕ್ಸಲ್ ಓರೆಯಾಗಿ ಕಾರು ಏಡಿ ನಡೆದ ಹಾಗೆ ಸೊಟ್ಟಗೆ ಓಡುತ್ತದೆ.

ಕುಸಿದದ್ದು ಯಾವುದು?

ಒಂದು ಸೆಂಟಿಮೀಟರ್ ಬಗ್ಗಿಸಲು ಎಷ್ಟು ಭಾರ ಬೇಕೋ ಅದು ಸ್ಪ್ರಿಂಗ್‌ನ ಪೆಡಸು. ಭಾರವಿಲ್ಲದೆ ಬಿಟ್ಟಾಗ ಅದು ಎಷ್ಟು ಕಮಾನಾಗಿ ನಿಲ್ಲುತ್ತದೋ ಅದು ಬಾಗು. ವರ್ಷಗಟ್ಟಲೆ ಭಾರ ಹೊತ್ತ ಉಕ್ಕು ಸ್ವಲ್ಪಸ್ವಲ್ಪವೇ ಶಾಶ್ವತವಾಗಿ ಮಣಿದು ಬಾಗನ್ನು ಕಳೆದುಕೊಳ್ಳುತ್ತದೆ. ಪೆಡಸು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಅದನ್ನು ನಿರ್ಧರಿಸುವ ಸಂಬಂಧ ಹೀಗಿದೆ:

ಪೆಡಸು ∝ ಪ್ಲೇಟುಗಳ ಸಂಖ್ಯೆ × ಅಗಲ × ದಪ್ಪ³ ÷ ಉದ್ದ³

ಇದರೊಡನೆ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವೂ (ಬಗ್ಗುವುದನ್ನು ಆ ಲೋಹ ಎಷ್ಟು ತಡೆಯುತ್ತದೆ ಎಂಬ ಅಳತೆ) ಸೇರುತ್ತದೆ, ಸುಮಾರು 200 ಗಿಗಾಪಾಸ್ಕಲ್. ಹದ ಹಾಕಿದರೂ (ಅಂದರೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಾಯಿಸಿದರೂ) ಹಾಕದಿದ್ದರೂ ಈ ಗುಣಾಂಕ ಹೆಚ್ಚುಕಡಿಮೆ ಅಷ್ಟೇ. ಹದದಿಂದ ಹೆಚ್ಚುವುದು ಮಣಿಯದೆ ತಾಳಿಕೊಳ್ಳುವ ಮಿತಿ. 'ಹದ ಹಾಕಿಸಿದೆ, ಸ್ಪ್ರಿಂಗ್ ಗಟ್ಟಿಯಾಯಿತು' ಎನ್ನುವವರು ಈ ಎರಡನ್ನೂ ಕಲಸಿಬಿಡುತ್ತಾರೆ.

ಲೆಕ್ಕ ಮಾಡಿ ನೋಡೋಣ. 7 ಪ್ಲೇಟುಗಳ ಕಟ್ಟಿಗೆ ಅಷ್ಟೇ ದಪ್ಪದ ಇನ್ನೊಂದನ್ನು ಸೇರಿಸಿದರೆ ಪೆಡಸು ಸುಮಾರು 14 ಶೇಕಡಾ ಏರುತ್ತದೆ. ಗುಜರಿಯಲ್ಲಿ ಸಿಕ್ಕಿತೆಂದು 6 ಮಿಲಿಮೀಟರ್ ಪ್ಲೇಟುಗಳ ಬದಲು 7 ಮಿಲಿಮೀಟರಿನವನ್ನೇ ಪೂರ್ತಿ ಹಾಕಿದರೆ ಏರಿಕೆ ಸುಮಾರು 59 ಶೇಕಡಾ. ದಪ್ಪ ಘನವಾಗಿ ಲೆಕ್ಕಕ್ಕೆ ಬರುವುದರ ಪರಿಣಾಮವಿದು. ತುಕ್ಕಿನಿಂದ 6 ಮಿಲಿಮೀಟರ್ ಪ್ಲೇಟ್ 5.5ಕ್ಕೆ ಸವೆದಿದ್ದರೆ ಅದರ ಪೆಡಸಿನಲ್ಲಿ 23 ಶೇಕಡಾ ಹೋಯಿತು. ಇವು ಉದಾಹರಣೆಯ ಅಂಕಿಗಳು, ನಿಮ್ಮ ಕಾರಿನದನ್ನು ವರ್ನಿಯರ್ ಹಿಡಿದು ಅಳೆದುಕೊಳ್ಳಿ. ಹಾಗಾಗಿ ಪ್ಲೇಟುಗಳ ದಪ್ಪ ಸರಿಯಿದ್ದು ಬಾಗು ಮಾತ್ರ ಹೋಗಿದ್ದರೆ ಬಾಗನ್ನೇ ಮರಳಿ ಕೊಡಿಸಬೇಕು. ಪ್ಲೇಟ್ ಸೇರಿಸುವುದೆಂದರೆ ಇಲ್ಲದ ರೋಗಕ್ಕೆ ಔಷಧ.

ಪರೀಕ್ಷೆ

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಟೈರುಗಳ ಗಾಳಿ ಸಮ ಮಾಡಿ, ಡಿಕ್ಕಿ ಖಾಲಿ ಮಾಡಿ, ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆಯಿರಿ. ಒಂದು ಬದಿ ತಗ್ಗಿದ್ದರೆ ಆ ಬದಿಯ ಸ್ಪ್ರಿಂಗನ್ನೇ ದೂರಬೇಡಿ. ಮುಂದಿನ ಟಾರ್ಷನ್ ಬಾರ್ ಇಳಿದಿದ್ದರೂ ಇಡೀ ಬಾಡಿ ವಾಲುತ್ತದೆ. ಪತ್ತೆಗೆ ಸುಲಭದ ದಾರಿಯಿದೆ. ಡಿಫರೆನ್ಷಿಯಲ್‌ನ (ಹಿಂದಿನ ಆಕ್ಸಲ್ಲಿನ ನಡುವಿನ ಗೇರ್ ಗುಂಡು) ಕೆಳಗೆ ಸರಿಯಾಗಿ ನಡುವೆ ಜಾಕ್ ಕೊಟ್ಟು ಹಿಂದಿನ ಎರಡೂ ಚಕ್ರಗಳು ನೆಲ ಬಿಡುವಷ್ಟು ಎತ್ತಿ. ಈಗ ಹಿಂಬದಿ ಒಂದೇ ಬಿಂದುವಿನ ಮೇಲಿದೆ, ವಾಲುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬಾಡಿ ಇನ್ನೂ ವಾಲಿಯೇ ಇದ್ದರೆ ತಪ್ಪು ಮುಂದಿನದು, ನೇರವಾದರೆ ಹಿಂದಿನದು. ಈ ಸ್ಥಿತಿಯಲ್ಲಿ ದೂರದಿಂದ ನೋಡಬೇಕೇ ಹೊರತು ಕಾರಿನ ಕೆಳಗೆ ತೂರಬಾರದು.

ಬಿರುಕು ಹೆಚ್ಚಾಗಿ ಸೆಂಟರ್ ಬೋಲ್ಟಿನ ತೂತಿನ ಬಳಿ, ಕಣ್ಣಿನ ಬುಡದಲ್ಲಿ, ಕೆಳಗಿನ ಪ್ಲೇಟಿನ ತುದಿ ಮೇಲಿನದನ್ನು ಒತ್ತುವಲ್ಲಿ ಹುಟ್ಟುತ್ತದೆ. ವೈರ್ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಆ ಪ್ಲೇಟ್ ಗುಜರಿಗೆ. ಬೆಸುಗೆ ಹಾಕಿಸುವ ಮಾತೇ ಬೇಡ. ಬೆಸುಗೆಯ ಪಕ್ಕದ ಉಕ್ಕು ಹದ ಕಳೆದುಕೊಂಡು ಅಲ್ಲೇ ಮುರಿಯುತ್ತದೆ.

ಬಿಚ್ಚುವಾಗ

ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸ್ಪ್ಯಾನರ್ ಇಂಚಿನ ಅಳತೆಯದಾಗಿರಲಿ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು ಹಿಂಬದಿ ಎತ್ತಿ. ಅಂಬಾಸಿಡರ್‌ಗೆ ಬೇರೆಯಾದ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಸ್ಟ್ಯಾಂಡನ್ನು ಸ್ಪ್ರಿಂಗ್‌ನ ಮುಂದಿನ ಬ್ರಾಕೆಟ್ ಬಳಿಯ ಗಟ್ಟಿ ಭಾಗದಡಿ ಇಡಬೇಕು, ತೆಳು ತಗಡಿನಡಿ ಅಲ್ಲ. ಆಕ್ಸಲ್ಲಿಗೆ ಬೇರೆ ಜಾಕ್ ಕೊಡಿ. ಅದು ಕೆಳಗೆ ಜೋತುಬಿದ್ದರೆ ಬ್ರೇಕಿನ ರಬ್ಬರ್ ಹೋಸ್ ಎಳೆದುಕೊಳ್ಳುತ್ತದೆ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ, ಆಕ್ಸಲ್ ಜಾಗ ಬಿಡುವುದಿಲ್ಲ.

ಮುಂದಿನ ಕಣ್ಣಿನ ಬೋಲ್ಟ್ ಬುಷ್‌ನ (ಕಣ್ಣಿನೊಳಗೆ ಕೂರುವ ರಬ್ಬರ್ ತುಂಡು) ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಅಲ್ಲಿ ಗ್ಯಾಸ್ ಕಟರ್ ತರಬೇಡಿ: ಮೇನ್ ಪ್ಲೇಟಿನ ಹದ ಹಾಳಾಗುತ್ತದೆ, ಪೆಟ್ರೋಲ್ ಟ್ಯಾಂಕ್ ಕೂಡ ಹಿಂಬದಿಯಲ್ಲೇ ಇದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯುವುದು ಬೇಸರದ ಕೆಲಸ, ಆದರೆ ಕ್ಷೇಮ.

ಕಟ್ಟನ್ನು ಬಿಡಿಸುವ ಮುನ್ನ 'ಮುಂದೆ' ಎಂದು ಬಣ್ಣದಲ್ಲಿ ಗುರುತು ಹಾಕಿ. ಚಿಕ್ಕ ಪ್ಲೇಟುಗಳ ಬಾಗು ದೊಡ್ಡವುಗಳದಕ್ಕಿಂತ ಹೆಚ್ಚಿರುತ್ತದೆ. ಸೆಂಟರ್ ಬೋಲ್ಟ್ ಅವುಗಳನ್ನು ಬಲವಂತವಾಗಿ ಒತ್ತಿ ಹಿಡಿದಿರುತ್ತದೆ. ಸಿ-ಕ್ಲಾಂಪ್ ಹಾಕದೆ ನಟ್ ಬಿಚ್ಚಿದರೆ ಪ್ಲೇಟುಗಳು ಕೈಗೇ ಎಗರುತ್ತವೆ.

ಬಾಗು ಕೊಡಿಸುವುದೋ, ಹೊಸದು ಹಾಕುವುದೋ?

ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದು ಬಾಗಿಸಿ ಕೊಡುವವರಿದ್ದಾರೆ. ಅಗ್ಗ, ಆದರೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಸರಿಯಾದ ಕ್ರಮದಲ್ಲಿ ಸಿಲಿಕಾನ್-ಮ್ಯಾಂಗನೀಸ್ ಉಕ್ಕಿನ ಪ್ಲೇಟನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ 400ರಿಂದ 550 ಡಿಗ್ರಿಯ ನಡುವೆ ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಕಡೆಗೆ ಪೂರ್ತಿ ಕಟ್ಟನ್ನು ಪ್ರೆಸ್ಸಿನಲ್ಲಿ ಒಮ್ಮೆ ಮಾಮೂಲಿಗಿಂತ ಹೆಚ್ಚು ಒತ್ತಿಬಿಡುತ್ತಾರೆ. ಕುಸಿಯಬೇಕಾದಷ್ಟು ಅಲ್ಲೇ ಕುಸಿದು, ರಸ್ತೆಯಲ್ಲಿ ಕುಸಿಯುವುದು ತಪ್ಪುತ್ತದೆ. ನಮ್ಮೂರುಗಳ ಕಮ್ಮಾರರಿಗೆ ಈ ಉಕ್ಕು ಹೊಸದಲ್ಲ. ಲಾರಿಯ ಪ್ಲೇಟಿನಿಂದಲೇ ಒಳ್ಳೆಯ ಮಚ್ಚು ತಟ್ಟುತ್ತಾರೆ. ಆದರೆ ಮಚ್ಚಿಗೆ ಬಾಯಿಯ ಅಂಚು ಹದವಾದರೆ ಸಾಕು. ಸ್ಪ್ರಿಂಗ್ ಪ್ಲೇಟಿನ ಇಡೀ ಉದ್ದಕ್ಕೂ ಕಾವು ಸಮನಾಗಿರಬೇಕು, ತೆರೆದ ಕುಲುಮೆಯಲ್ಲಿ ಅದು ಕಷ್ಟ. ಭಟ್ಟಿಯಿರುವ ಸ್ಪ್ರಿಂಗ್ ಅಂಗಡಿ ಹುಡುಕಿ.

ಮೇನ್ ಪ್ಲೇಟ್ ಬಿರುಕು ಬಿಟ್ಟಿದ್ದರೆ ಅಥವಾ ತುಕ್ಕು ದಪ್ಪವನ್ನೇ ತಿಂದಿದ್ದರೆ ಹೊಸ ಕಟ್ಟೇ ಸರಿ, ಅದೂ ಜೋಡಿಯಾಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ಮೇನ್ ಪ್ಲೇಟನ್ನೇ ಒಯ್ಯಿರಿ. ಕಣ್ಣಿನಿಂದ ಕಣ್ಣಿಗೆ ದೂರ, ಅಗಲ, ದಪ್ಪ, ಬುಷ್‌ನ ಅಳತೆ ಹೊಂದಬೇಕು. ನಂತರದ ಮಾದರಿಯದು ನೋಡಲು ಒಂದೇ ಥರ ಕಂಡರೂ ಅಳೆಯದೆ ಕೊಳ್ಳಬೇಡಿ.

ಜೋಡಿಸುವಾಗ

ಯು-ಬೋಲ್ಟ್, ಸೆಂಟರ್ ಬೋಲ್ಟ್, ಬುಷ್ ಎಲ್ಲವೂ ಹೊಸದಿರಲಿ. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟ್‌ಗೆ ಮೊದಲಿನ ಹಿಡಿತ ಬರುವುದಿಲ್ಲ. ರಬ್ಬರ್ ಬುಷ್ ತೂರಿಸಲು ಸೋಪಿನ ನೀರು ಬಳಸಿ, ಗ್ರೀಸ್ ಬೇಡ. ಪ್ಲೇಟುಗಳ ನಡುವೆ ತೆಳುವಾಗಿ ಗ್ರಾಫೈಟ್ ಗ್ರೀಸ್ ಸವರಬಹುದು. ಮಳೆಗಾಲಕ್ಕೆ ಮುನ್ನ ಹಳೆಯ ಎಂಜಿನ್ ಆಯಿಲ್ ಎರಚುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಬುಷ್‌ಗೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ಗಮನಿಸಿ. ಕಣ್ಣುಗಳ ಮತ್ತು ಶ್ಯಾಕಲ್‌ನ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲಿರುವಾಗ ಪೂರ್ತಿ ಬಿಗಿಯಬಾರದು. ಈ ಬುಷ್‌ಗಳು ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡೇ ಚಲನೆಗೆ ದಾರಿ ಕೊಡುತ್ತದೆ. ಸ್ಪ್ರಿಂಗ್ ಜೋತಿರುವ ಸ್ಥಿತಿಯಲ್ಲಿ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಎತ್ತರದ ಅಳತೆಯೂ ತಪ್ಪುತ್ತದೆ, ಬುಷ್ ಬೇಗ ಹರಿಯುತ್ತದೆ. ಬೆರಳ ಬಿಗಿಯಲ್ಲಿ ಬಿಟ್ಟು, ಚಕ್ರ ಹಾಕಿ, ಕಾರು ನೆಲಕ್ಕಿಳಿಸಿ, ಡಿಕ್ಕಿಯ ಬಳಿ ನಾಲ್ಕಾರು ಸಲ ಒತ್ತಿ ಕುಲುಕಿ, ನಂತರ ಕೊನೆಯ ಬಿಗಿತ ಕೊಡಿ.

ಯು-ಬೋಲ್ಟ್‌ನ ನಟ್‌ಗಳನ್ನು ಎದುರುಬದುರಾಗಿ ಸುತ್ತು ಸುತ್ತಾಗಿ, ಮ್ಯಾನುಯಲ್ ಹೇಳುವ ಟಾರ್ಕ್‌ಗೆ ಬಿಗಿಯಿರಿ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಪ್ಲೇಟುಗಳು ಒಂದರ ಮೇಲೊಂದು ಕೂತು ನಟ್ ತುಸು ಸಡಿಲವಾಗಿರುತ್ತದೆ. ಹಬ್‌ನಿಂದ ಮಡ್‌ಗಾರ್ಡಿಗೆ ಅಳತೆಯನ್ನೂ ಅಂದೇ ಮತ್ತೆ ತೆಗೆದುಕೊಂಡು ಬರೆದಿಡಿ. ಬಾಲ ಎತ್ತರವಾದಷ್ಟೂ ಹೆಡ್‌ಲೈಟಿನ ಬೆಳಕು ಕೆಳಗೆ ಬೀಳುತ್ತದೆ. ಅದನ್ನು ಸರಿಪಡಿಸುವುದಿದ್ದರೆ ಈ ಎರಡನೇ ಅಳತೆಯ ನಂತರವೇ ಮಾಡಿ.