ದೊಡ್ಡ ದೂರದರ್ಶಕಕ್ಕೆ ಪುರುಸೊತ್ತಿಲ್ಲ, ಸಣ್ಣದಕ್ಕೆ ಇದೆ

ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳ ನಡುವೆ ಬಿಗ್ ಬೇರ್ ಲೇಕ್ ಎಂಬ ಪುಟ್ಟ ಊರಿದೆ. 1980ರ ದಶಕದಲ್ಲಿ ಶುರುವಾದ ಒಂದು ಖಗೋಳ ಸಮಾವೇಶಕ್ಕೆ ಈ ಊರು ಬಹುಕಾಲ ನೆಲೆಯಾಗಿತ್ತು. ಸೊಸೈಟಿ ಫಾರ್ ಆಸ್ಟ್ರೊನಾಮಿಕಲ್ ಸೈನ್ಸಸ್ ನಡೆಸುವ ಈ 'ಟೆಲಿಸ್ಕೋಪ್ ಸೈನ್ಸ್' ಸಮಾವೇಶ 2007ರ ಹೊತ್ತಿಗೆ ತನ್ನ 26ನೇ ವರ್ಷಕ್ಕೆ ಕಾಲಿಟ್ಟಿತ್ತು. ಇದು ಶನಿಯ ಬಳೆ ನೋಡಿ ಖುಷಿಪಡುವವರ ಕೂಟವಲ್ಲ. ಹಿತ್ತಲಲ್ಲಿ ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳು ತಾವು ಅಳೆದ ಅಂಕಿಗಳನ್ನು ಪ್ರಬಂಧ ಮಾಡಿ ಮಂಡಿಸುತ್ತಾರೆ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಎದುರು ಕೂತು ಪ್ರಶ್ನೆ ಕೇಳುತ್ತಾರೆ.

ಇಂಥದ್ದೊಂದು ವೇದಿಕೆ ಬೇಕಾದದ್ದು ಸಮಯದ ಅಭಾವದಿಂದ. ದೊಡ್ಡ ವೀಕ್ಷಣಾಲಯಗಳಲ್ಲಿ ಒಂದೆರಡು ರಾತ್ರಿ ಸಿಗಬೇಕಾದರೂ ವಿಜ್ಞಾನಿಗಳು ತಿಂಗಳುಗಳ ಮೊದಲೇ ಅರ್ಜಿ ಹಾಕಿ ಪೈಪೋಟಿ ನಡೆಸಬೇಕು. ಆದರೆ ಚಂಚಲ ತಾರೆಗಳ ಬೆಳಕು ವರ್ಷವಿಡೀ ಏರುತ್ತದೆ, ಇಳಿಯುತ್ತದೆ. ಅವುಗಳ ಹಿಂದೆ ಬೀಳಲು ಪುರುಸೊತ್ತು ಇರುವುದು ಸ್ವಂತ ದೂರದರ್ಶಕ ಉಳ್ಳವರಿಗೆ ಮಾತ್ರ.

ಇದನ್ನು ಮೊದಲೇ ಕಂಡುಕೊಂಡವರು ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್. ಚಂಚಲ ತಾರೆಗಳನ್ನು ಗಮನಿಸಲು ಸಾಮಾನ್ಯ ಜನರ ನೆರವು ಕೋರಿ 1882ರಲ್ಲೇ ಅವರು ಯೋಜನೆಯೊಂದನ್ನು ಪ್ರಕಟಿಸಿದರು. 1911ರಲ್ಲಿ ವಿಲಿಯಂ ಟೈಲರ್ ಆಲ್ಕಾಟ್ ಎಂಬ ವಕೀಲರು ಅವರ ಪ್ರೋತ್ಸಾಹದಿಂದ ಕಟ್ಟಿದ ಸಂಸ್ಥೆಯೇ ಅಮೆರಿಕದ ಚಂಚಲ ತಾರಾ ವೀಕ್ಷಕರ ಸಂಘ, ಎಎವಿಎಸ್‌ಒ.

ಈ ಸಂಘದ ಕಥೆಯಲ್ಲಿ ನಮ್ಮ ಕಡೆಗೂ ಒಂದು ದಾರಿ ಇದೆ. ಅವಿಭಜಿತ ಬಂಗಾಳದ ಜೆಸ್ಸೋರ್‌ನಲ್ಲಿ ಖಜಾನೆಯ ನೌಕರರಾಗಿದ್ದ ರಾಧಾಗೋಬಿಂದ ಚಂದ್ರ ಹಗಲು ಕಚೇರಿ ಕೆಲಸ ಮುಗಿಸಿ ರಾತ್ರಿ ಮೂರು ಇಂಚಿನ ದೂರದರ್ಶಕದ ಮುಂದೆ ಕೂರುತ್ತಿದ್ದರು. 1918ರಲ್ಲಿ ಗರುಡ ರಾಶಿಯಲ್ಲಿ ಕಾಣಿಸಿಕೊಂಡ ನೋವಾವನ್ನು, ಅಂದರೆ ಇದ್ದಕ್ಕಿದ್ದಂತೆ ಭುಗಿಲೆದ್ದ ತಾರೆಯನ್ನು, ಸ್ವತಂತ್ರವಾಗಿ ಗುರುತಿಸಿದವರಲ್ಲಿ ಅವರೂ ಒಬ್ಬರು. ಅವರ ದಾಖಲೆಗಳ ಅಚ್ಚುಕಟ್ಟು ನೋಡಿ ಎಎವಿಎಸ್‌ಒ 1926ರಲ್ಲಿ ಆರು ಇಂಚಿನ ದೂರದರ್ಶಕವನ್ನೇ ಕಳುಹಿಸಿಕೊಟ್ಟಿತು. 1954ರವರೆಗೆ ಅವರು ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು. ಕೊನೆಗೆ ಆ ದೂರದರ್ಶಕ ಎಂ.ಕೆ. ವೈನು ಬಾಪ್ಪು ಅವರ ಕೈ ಸೇರಿ, ತಮಿಳುನಾಡಿನ ಕಾವಲೂರಿಗೆ ಬಂತು. ಬಾಪ್ಪು ಅಂದರೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು. ಹೈದರಾಬಾದಿನಲ್ಲಿ ಬೆಳೆಯುವಾಗ ಅವರೂ ಚಂಚಲ ತಾರೆಗಳನ್ನು ಗಮನಿಸುತ್ತಿದ್ದರು. ಕಾವಲೂರಿನಲ್ಲಿ ಇಂದು ಅವರ ಹೆಸರಿನ 2.3 ಮೀಟರ್ ದೂರದರ್ಶಕವಿದೆ. ಅದರ ಬಗ್ಗೆ ಮಾತಾಡುವ ಎಷ್ಟೋ ಜನರಿಗೆ ಜೆಸ್ಸೋರಿನ ಈ ನೌಕರರ ಹೆಸರೇ ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ದೂರದರ್ಶಕದಲ್ಲಿ ಕಣ್ಣಿಟ್ಟು ಮಾಡುವ ಅಂದಾಜಿಗೆ ಒಂದು ಮಿತಿ ಇತ್ತು. ಎಷ್ಟೇ ಪಳಗಿದರೂ ತಾರೆಯ ಹೊಳಪಿನ ಮಾನವಾದ ಕಾಂತಿಮಾನದ ಹತ್ತನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಕಣ್ಣು ಅಳೆಯಲಾರದು. ಬೆಳಕನ್ನು ವಿದ್ಯುತ್ತಾಗಿ ಅಳೆಯುವ ಫೋಟೊಮಲ್ಟಿಪ್ಲೈಯರ್ ಕೊಳವೆಗಳು ಹವ್ಯಾಸಿಗಳ ಕೈಗೆಟುಕಿದಾಗ ಆ ಮಿತಿ ದಾಟಿತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಗ್ಲಸ್ ಹಾಲ್ ಮೈಮೇಲೆ ದೊಡ್ಡ ಕಲೆಗಳಿರುವ ಜೋಡಿ ತಾರೆಗಳ ಅಧ್ಯಯನದಲ್ಲಿದ್ದರು. ಕಲೆಗಳು ಸರಿದಂತೆ ವಾರಗಟ್ಟಲೆ, ವರ್ಷಗಟ್ಟಲೆ ಬೆಳಕಿನ ಅಲೆ ಬದಲಾಗುತ್ತಿತ್ತು. ಅದನ್ನು ಒಂದೇ ವೀಕ್ಷಣಾಲಯದಿಂದ ಹಿಂಬಾಲಿಸುವುದು ಆಗದ ಮಾತು. ಅವರು ಮತ್ತು ಓಹಾಯೊದಲ್ಲಿ ಫೇರ್‌ಬಾರ್ನ್ ವೀಕ್ಷಣಾಲಯ ನಡೆಸುತ್ತಿದ್ದ ರಸೆಲ್ ಜೆನೆಟ್ ಸೇರಿ 1980ರಲ್ಲಿ ಹವ್ಯಾಸಿ-ವೃತ್ತಿಪರರ ಅಂತರರಾಷ್ಟ್ರೀಯ ಕೂಟವೊಂದನ್ನು ಹುಟ್ಟುಹಾಕಿದರು. ಅದೇ ಐಎಪಿಪಿಪಿ. ಬಿಗ್ ಬೇರ್‌ನ ಸಮಾವೇಶ ಹುಟ್ಟಿದ್ದು ಇದರ ಪಶ್ಚಿಮ ಶಾಖೆಯಿಂದ.

ಆಗಿನ ರಾತ್ರಿಯ ಕೆಲಸ ಹೀಗಿರುತ್ತಿತ್ತು. ಮೊದಲು ಬೆಳಕು ಸ್ಥಿರವಾಗಿರುವ ಒಂದು ಹೋಲಿಕೆಯ ತಾರೆಯನ್ನು ಅಳೆಯಬೇಕು. ಆಮೇಲೆ ಪಕ್ಕದ ಬರಿ ಆಕಾಶ, ಆಮೇಲೆ ಚಂಚಲ ತಾರೆ, ಮತ್ತೆ ಬರಿ ಆಕಾಶ, ಮತ್ತೆ ಹೋಲಿಕೆಯ ತಾರೆ. ಇದೇ ಸುತ್ತು ಗಂಟೆಗಟ್ಟಲೆ. ನಡುನಡುವೆ ಸಾಕ್ಷಿಗೆಂದು ಇನ್ನೊಂದು ಸ್ಥಿರ ತಾರೆ. ಅದರ ಅಂಕಿಯೂ ಏರುಪೇರಾದರೆ ತೆಳುಮೋಡ ಹಾದುಹೋಗಿದೆ ಅಥವಾ ಉಪಕರಣ ಕೆಟ್ಟಿದೆ ಎಂದರ್ಥ, ಆ ರಾತ್ರಿಯ ಲೆಕ್ಕ ಕೈಬಿಡಬೇಕು. ಹೊತ್ತು ಬರೆಯುವುದು ಜೂಲಿಯನ್ ದಿನದ ಲೆಕ್ಕದಲ್ಲಿ, ಅಂದರೆ ತಿಂಗಳು-ವರ್ಷಗಳಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುತ್ತ ಹೋಗುವ ಲೆಕ್ಕದಲ್ಲಿ. ಆ ದಿನ ಗ್ರೀನ್‌ವಿಚ್‌ನ ಮಧ್ಯಾಹ್ನ ಬದಲಾಗುತ್ತದೆ, ಹಾಗಾಗಿ ಯುರೋಪಿನ ವೀಕ್ಷಕನ ಒಂದು ರಾತ್ರಿ ಎರಡು ತಾರೀಕುಗಳಿಗೆ ಹಂಚಿಹೋಗುವುದಿಲ್ಲ.

ಈ ಶಿಸ್ತಿಗೆ ಬೇಗನೇ ದೊಡ್ಡ ಪರೀಕ್ಷೆ ಎದುರಾಯಿತು. ಬ್ರಹ್ಮಹೃದಯ ಎಂಬ ತಾರೆಯ ಪಕ್ಕದಲ್ಲಿ ಕಾಣುವ ಎಪ್ಸಿಲಾನ್ ಆರಿಗೆ ತಾರೆಗೆ 27 ವರ್ಷಕ್ಕೊಮ್ಮೆ ಗ್ರಹಣ ಹಿಡಿಯುತ್ತದೆ, ಬಿಡಲು ಸುಮಾರು ಎರಡು ವರ್ಷ ಬೇಕು. ಅಡ್ಡ ಬರುತ್ತಿದ್ದದ್ದು ಏನೆಂಬುದು ದಶಕಗಳ ಒಗಟು. 1982-84ರ ಗ್ರಹಣದ ಹೊತ್ತಿಗೆ ಐಎಪಿಪಿಪಿ ಇನ್ನೂ ಎಳೆಯ ಕೂಟ. ಆದರೂ ಹವ್ಯಾಸಿಗಳು ಹಿಂದೆಂದಿಗಿಂತ ನಿಖರವಾಗಿ ಬೆಳಕಿನ ರೇಖೆ, ಅಂದರೆ ಬೆಳಕಿನ ಏರಿಳಿತದ ನಕ್ಷೆ, ಬರೆದರು. 2009-11ರಲ್ಲಿ ಅದೇ ಕೆಲಸ ಮತ್ತೆ ನಡೆಯಿತು, ಈ ಸಲ ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಹಿಡಿದವರೂ ಸೇರಿಕೊಂಡರು. ತಾರೆಗೆ ಅಡ್ಡ ಬಂದ ಕಪ್ಪು ಧೂಳಿನ ತಟ್ಟೆಯ ಚಿತ್ರವನ್ನು ಮೌಂಟ್ ವಿಲ್ಸನ್‌ನ ಚಾರಾ ದೂರದರ್ಶಕಗಳ ಜಾಲ ಸೆರೆಹಿಡಿಯಿತು. ಆ ಚಿತ್ರ ಗ್ರಹಣದ ಯಾವ ಹಂತದ್ದು ಎಂದು ತಿಳಿಯಬೇಕಾದರೆ ಬೆಳಕಿನ ರೇಖೆ ಪಕ್ಕದಲ್ಲಿರಬೇಕು.

ಜೆನೆಟ್ ಅವರ ಇನ್ನೊಂದು ಕನಸು, ಮನುಷ್ಯರಿಲ್ಲದೆ ತಾನೇ ಕೆಲಸ ಮಾಡುವ ದೂರದರ್ಶಕ. ಫೇರ್‌ಬಾರ್ನ್ ಆ ನಂತರ ಅರಿಜೋನಾಕ್ಕೆ ಹೋಯಿತು. 1999ರ ನವೆಂಬರ್‌ನಲ್ಲಿ ಅಲ್ಲಿನ ಸ್ವಯಂಚಾಲಿತ ದೂರದರ್ಶಕವೊಂದರಿಂದ ಗ್ರೆಗರಿ ಹೆನ್ರಿ ಎಚ್‌ಡಿ 209458 ತಾರೆಯ ಬೆಳಕು ಶೇ 2ಕ್ಕಿಂತ ಕಡಿಮೆ ಕುಗ್ಗಿದ್ದನ್ನು ಹಿಡಿದರು. ಹೊರಗ್ರಹವೊಂದು, ಅಂದರೆ ಸೂರ್ಯನನ್ನಲ್ಲದೆ ಬೇರೊಂದು ತಾರೆಯನ್ನು ಸುತ್ತುವ ಗ್ರಹ, ತನ್ನ ತಾರೆಯ ಮುಂದೆ ಹಾದುಹೋಗುವುದು ಹೀಗೆ ಗೊತ್ತಾಯಿತು. ಅದೇ ಹೊತ್ತಿಗೆ ಡೇವಿಡ್ ಶಾರ್ಬೊನೊ ತಂಡವೂ ಅದನ್ನೇ ಕಂಡಿತ್ತು. ಮರುವರ್ಷ ಫಿನ್ಲೆಂಡಿನ ಹವ್ಯಾಸಿಗಳೂ ಅದೇ ಗ್ರಹದ ಹಾದುಹೋಗುವಿಕೆಯನ್ನು ದಾಖಲಿಸಿದರು. ಬೆಳಕನ್ನು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಹಿಡಿಯುವ ಸಿಸಿಡಿ ಕ್ಯಾಮೆರಾ ಬಂದ ಮೇಲೆ ಕ್ಷುದ್ರಗ್ರಹಗಳ ತಿರುಗುವಿಕೆಯ ಅಳತೆಯಲ್ಲಿ ದೊಡ್ಡ ಪಾಲು ಹಿತ್ತಲಿನ ಗುಮ್ಮಟಗಳಿಂದಲೇ ಬರತೊಡಗಿತು. ಹಬಲ್ ದೂರದರ್ಶಕವೂ ಇವರ ಮಾತಿಗೆ ಕಾಯುತ್ತದೆ. ಇದ್ದಕ್ಕಿದ್ದಂತೆ ಭುಗಿಲೇಳುವ ಜೋಡಿ ತಾರೆಗಳತ್ತ ಅದನ್ನು ತಿರುಗಿಸುವ ಮೊದಲು, ತಾರೆ ಸದ್ಯಕ್ಕೆ ತಣ್ಣಗಿದೆಯೇ ಎಂದು ಎಎವಿಎಸ್‌ಒ ವೀಕ್ಷಕರನ್ನು ಕೇಳಲಾಗುತ್ತದೆ. ಇಲ್ಲವಾದರೆ ಹಬಲ್‌ನ ಸೂಕ್ಷ್ಮ ಸಂವೇದಕಕ್ಕೆ ಅಪಾಯ.

ಇಡೀ ಆಕಾಶವನ್ನು ಜಾಲಾಡುವ ಯಂತ್ರಗಳು ಬಂದಮೇಲೆ ಹವ್ಯಾಸಿಗಳಿಗೆ ಏನು ಉಳಿಯಿತು ಎಂದು ಕೇಳುವವರಿದ್ದಾರೆ. ಚಿಲಿಯ ರೂಬಿನ್ ವೀಕ್ಷಣಾಲಯದ 8.4 ಮೀಟರ್ ಕನ್ನಡಿಗೆ ಪ್ರಕಾಶಮಾನವಾದ ತಾರೆಗಳು ಕಣ್ಣು ಕೋರೈಸುವಂಥವು, ಅವನ್ನು ಅದು ಅಳೆಯಲಾರದು. ಒಂದೇ ತಾರೆಯನ್ನು ರಾತ್ರಿಯಿಡೀ ನೋಡುತ್ತ ಕೂರುವುದೂ ಅದರ ಕೆಲಸವಲ್ಲ. 1866 ಮತ್ತು 1946ರಲ್ಲಿ ಸಿಡಿದ ಉತ್ತರ ಕಿರೀಟ ರಾಶಿಯ ಟಿ ತಾರೆಯನ್ನೇ ನೋಡಿ. ಸುಮಾರು 80 ವರ್ಷಕ್ಕೊಮ್ಮೆ ಅದು ಬರಿಗಣ್ಣಿಗೆ ಎದ್ದು ಕಾಣುವಷ್ಟು ಬೆಳಗಿ, ವಾರದೊಳಗೆ ಮಸಕಾಗುತ್ತದೆ. ಆ ಸಿಡಿತದ ಮೊದಲ ಗಂಟೆಗಳ ಅಂಕಿ ಬೇಕಾದರೆ ಭೂಗೋಳದ ಎಲ್ಲ ರೇಖಾಂಶಗಳಲ್ಲೂ ಯಾರಾದರೂ ಎಚ್ಚರವಿರಬೇಕು. ಅಮೆರಿಕದಲ್ಲಿ ಹಗಲಾಗಿ ಅಲ್ಲಿನ ದೂರದರ್ಶಕಗಳೆಲ್ಲ ಮುಚ್ಚಿರುವಾಗ ಆ ಪಾಳಿ ಭಾರತದ ವೀಕ್ಷಕರದ್ದು, ಅದಕ್ಕೆ ಆರು ಇಂಚಿನ ದೂರದರ್ಶಕ ಧಾರಾಳವಾಗಿ ಸಾಕು.